ಉದ್ಯಾನದ ಗೇಟಲ್ಲಿ ಸಿಗುವ ಮಕ್ಕಳ ಚಟುವಟಿಕೆ ಪುಸ್ತಿಕೆ: ಯೋಚನೆ ಚೆನ್ನಾಗಿದೆ, ಕಾಗದ ಕೈಕೊಟ್ಟಿದೆ

ಶಿವಮೊಗ್ಗ ಪೇಟೆಯ ಒಂದು ಉದ್ಯಾನದ ಟಿಕೆಟ್ ಕಿಟಕಿಯಲ್ಲಿ ಈಗ ಮಕ್ಕಳಿಗೆ ಪ್ರಕೃತಿ ಚಟುವಟಿಕೆ ಪುಸ್ತಿಕೆ ಕೊಡುತ್ತಿದ್ದಾರೆ. ಬೆಲೆ 50 ರೂಪಾಯಿ. ಎ5 ಅಳತೆ, ರಟ್ಟು ಬಿಟ್ಟು 16 ಪುಟ, ಬೆನ್ನಿಗೆ ಎರಡು ಪಿನ್, ಜೊತೆಗೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮೂರು ಕ್ರೇಯಾನ್. 4ರಿಂದ 8 ವರ್ಷದ ಮಕ್ಕಳಿಗೆ ಎಂದು ರಟ್ಟಿನ ಮೇಲೇ ಬರೆದಿದೆ. ಕೊಳ್ಳಬಹುದಾ ಅಂತ ಕೇಳುವವರಿಗೆ ಉತ್ತರ: ಕೊಳ್ಳಿ. ಆದರೆ ಮನೆಯಿಂದ ಹೊರಡುವಾಗ ನಾಲ್ಕು ತೆಳು ಬಿಳಿ ಹಾಳೆ, ಒಂದು ದಪ್ಪ ಕಪ್ಪು ಕ್ರೇಯಾನ್, ಒಂದು ಪೆನ್ಸಿಲ್ ಚೀಲಕ್ಕೆ ಹಾಕಿಕೊಳ್ಳಿ. ಅವಿಲ್ಲದಿದ್ದರೆ ಪುಸ್ತಿಕೆಯ ಅತಿ ಒಳ್ಳೆಯ ಪುಟವೇ ದಂಡವಾಗುತ್ತದೆ. ತಮ್ಮ ಶಾಲೆಗೋ ಊರಿನ ಪಾರ್ಕಿಗೋ ಇಂಥದ್ದೊಂದನ್ನು ಮಾಡಿಸುವ ಯೋಚನೆ ಇರುವವರಿಗೆ ಅಗತ್ಯವಾದ ಅಳತೆ, ಕಾಗದದ ವಿವರಗಳನ್ನೂ ಇಲ್ಲೇ ಸೇರಿಸಿದೆ.

ಇಂಥ ಪುಸ್ತಿಕೆಯ ಪುಟ ಗೆದ್ದಿದೆಯೋ ಸೋತಿದೆಯೋ ತಿಳಿಯಲು ಮಗುವಿನ ಕಣ್ಣು ಎಲ್ಲಿದೆ ಅಂತ ನೋಡಿದರೆ ಸಾಕು. ಪುಟ ಓದಿದ ಕೂಡಲೇ ತಲೆ ಎತ್ತಿ ಮರ ನೋಡಿತೇ, ಬಗ್ಗಿ ನೆಲ ನೋಡಿತೇ, ಎದ್ದು ಓಡಿತೇ? ಹಾಗಾದರೆ ಪುಟ ಗೆದ್ದಿತು. ಪಾರ್ಕಿನ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಚಿಟ್ಟೆಗೆ ಬಣ್ಣ ತುಂಬುತ್ತಿದ್ದರೆ, ಆ ಕೆಲಸ ಮನೆಯ ಜಗಲಿಯಲ್ಲೂ ಆಗುತ್ತಿತ್ತು. ಈ ಲೆಕ್ಕದಲ್ಲಿ 16ರಲ್ಲಿ 12 ಪುಟ ಮಗುವನ್ನು ಎಬ್ಬಿಸುತ್ತವೆ. ಇದು ನಿಜಕ್ಕೂ ದೊಡ್ಡ ಮಾತು, ಮಾಡಿದವರು ಮಕ್ಕಳ ಜೊತೆ ಓಡಾಡಿ ಬಲ್ಲವರು. ಕೊನೆಯ ನಾಲ್ಕು ಮಾತ್ರ (ಅಳಿಲಿಗೆ ದಾರಿ ತೋರಿಸುವುದು, ಚುಕ್ಕಿ ಸೇರಿಸುವುದು, ಚಿಟ್ಟೆಗೆ ಬಣ್ಣ, ಪ್ರಮಾಣಪತ್ರ) ಕೂತಲ್ಲೇ ಮುಗಿಯುವಂಥವು. ಅವನ್ನು ಬಸ್ಸಿನಲ್ಲಿ ವಾಪಸು ಬರುವಾಗ ಮಾಡಿಸಿ.

2-3ನೇ ಪುಟದ ‘ಹುಡುಕಾಟ’ ಚೆನ್ನಾಗಿ ಬಂದಿದೆ. ಒಂಬತ್ತು ಮನೆಗಳಿವೆ: ಇರುವೆ ಸಾಲು, ತೂತು ಬಿದ್ದ ಎಲೆ, ಜೇಡರ ಬಲೆ, ಮರದ ಮೇಲಿನ ಕಲ್ಲುಹೂವು, ಉದುರಿದ ಗರಿ, ಪಾಚಿ, ಅಣಬೆ, ಕೆಂಪು ಬೀಜ, ನವಿಲು. ಹದಿನಾರೋ ಇಪ್ಪತ್ತೈದೋ ಮನೆ ಹಾಕದೆ ಒಂಬತ್ತಕ್ಕೆ ನಿಲ್ಲಿಸಿದ್ದು ಸರಿ. ಐದು ವರ್ಷದ ಮಗು ಐದಾರು ಸಿಕ್ಕ ಮೇಲೆ ಉಳಿದದ್ದರ ಆಸೆ ಬಿಡುತ್ತದೆ, ಒಂಬತ್ತಾದರೆ ‘ಇನ್ನೂ ಮೂರೇ’ ಅನ್ನಬಹುದು. ಮೊದಲ ಐದೂ ಬಹುಪಾಲು ಮಗುವಿನ ಕಣ್ಣಿನ ಎತ್ತರದಲ್ಲಿ, ಅಂದರೆ ನೆಲದಿಂದ ಒಂದು ಮೀಟರಿನೊಳಗೆ ಸಿಗುತ್ತವೆ. ದೊಡ್ಡವರು ಕೂತು ಬರೆದ ಪಟ್ಟಿಗಳಲ್ಲಿ ಗೂಡು, ಗಿಳಿ, ಮರದ ತುದಿಯ ಹೂವು ತುಂಬಿರುತ್ತವೆ. ಮಗು ಕತ್ತು ಎತ್ತಿ ಎತ್ತಿ ಸೋತು, ಅಪ್ಪ ತೋರಿಸಿದ್ದಕ್ಕೆಲ್ಲ ಸುಮ್ಮನೆ ಗುರುತು ಹಾಕುತ್ತದೆ. ಇಲ್ಲಿ ಹಾಗಾಗುವುದಿಲ್ಲ.

ನವಿಲನ್ನು ಮಾತ್ರ ತೆಗೆಯಬೇಕು. ಪೇಟೆ ನಡುವಿನ ಪಾರ್ಕಿನಲ್ಲಿ ಅದು ಕಾಣುವ ಮಾತಲ್ಲ, ಒಂದು ಮನೆ ಖಾಲಿ ಉಳಿದರೂ ಮಗುವಿಗೆ ಇಡೀ ಆಟ ಸೋತ ಹಾಗೆ. ಇಂಥ ಪಟ್ಟಿಗೆ ಸರಿಯಾದ ಹದ: ಆರು ಖಂಡಿತ ಸಿಗುವವು, ಎರಡು ಹುಡುಕಿದರೆ ಸಿಗುವವು, ಒಂದು ಅದೃಷ್ಟವಿದ್ದರೆ. ಅದೃಷ್ಟದ ಮನೆಗೆ ಕುಟ್ರುಹಕ್ಕಿಯೋ ಮಿಂಚುಳ್ಳಿಯೋ ಸಾಕು, ಮಂಗಟ್ಟೆ ಬೇಡ.

ಅದೇ ಪುಟದ ‘ಕೆಂಪು ಬೀಜ ಹುಡುಕಿ ಚೀಲಕ್ಕೆ ಹಾಕಿ’ ಎಂಬ ಸಾಲಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು: ಇದು ಅಪಾಯ. ಮಲೆನಾಡಿನ ಬೇಲಿ, ಪೊದೆಗಳಲ್ಲಿ ಮಗುವಿಗೆ ಸುಲಭವಾಗಿ ಕಣ್ಣಿಗೆ ಬೀಳುವ ಕೆಂಪು ಬೀಜ ಗುಲಗಂಜಿ. ಕಪ್ಪು ಚುಕ್ಕೆಯ ಆ ಚೆಂದದ ಬೀಜ ಕಡುವಿಷ. ಸಿಪ್ಪೆ ಗಟ್ಟಿ ಇರುವುದರಿಂದ ಇಡಿಯಾಗಿ ನುಂಗಿದರೆ ಕೆಲವೊಮ್ಮೆ ಹಾಗೇ ಹೊರಬಂದೀತು, ಅಗಿದರೆ ಅಥವಾ ದಾರಕ್ಕೆ ಪೋಣಿಸಲು ತೂತು ಮಾಡಿದ ಬೀಜ ನುಂಗಿದರೆ ವಿಷ ಒಳಗಿಳಿಯುತ್ತದೆ. ವಾಂತಿ ಭೇದಿ ಶುರುವಾಗಲು ಗಂಟೆಗಟ್ಟಲೆ ಹಿಡಿಯಬಹುದು, ಅದಕ್ಕಾಗಿ ಕಾಯದೆ ಆಸ್ಪತ್ರೆಗೆ ಓಡಬೇಕು. ಪಾರ್ಕುಗಳಲ್ಲಿ ಸಾಲಾಗಿ ನೆಡುವ ಕಣಗಿಲೆಯೂ ಅಷ್ಟೇ, ಎಲೆ, ಹೂವು, ಕಾಯಿ, ಹಾಲು ಎಲ್ಲವೂ ವಿಷ. ಪುಸ್ತಿಕೆಯಲ್ಲಿ ‘ಚೀಲಕ್ಕೆ ಹಾಕಿ’ ಎನ್ನುವುದರ ಬದಲು ‘ಎಣಿಸು’ ಅಂತಿದ್ದರೆ ಸಾಕಿತ್ತು. ಕೈಯಲ್ಲಿ ಹಿಡಿಯಲೇಬೇಕೆಂದಿದ್ದರೆ ಉದುರಿದ ಎಲೆ ಒಂದನ್ನೇ, ಅದೂ ಕಣಗಿಲೆಯದಲ್ಲದ್ದನ್ನು ಹೇಳಬೇಕು. ಈಗಾಗಲೇ ಕೊಂಡವರು ಆ ಸಾಲಿನ ಮೇಲೆ ಪೆನ್ನಿನಲ್ಲಿ ಗೀಟು ಎಳೆದು ಮಗುವಿನ ಕೈಗೆ ಕೊಡಿ.

ಈಗ ಕಾಗದದ ವಿಷಯ. ಒಳಪುಟಕ್ಕೆ 130 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಆರ್ಟ್ ಪೇಪರ್, ಅಂದರೆ ಮದುವೆ ಆಲ್ಬಂ ಪಟ್ಟಿಗಳ ಹಾಗೆ ಹೊಳೆಯುವ ಕಾಗದ ಹಾಕಿದ್ದಾರೆ. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಚೆಂದ. ಪಾರ್ಕಿನಲ್ಲಿ ಮೇಣದ ಕ್ರೇಯಾನ್ ಅದರ ಮೇಲೆ ಜಾರುತ್ತದೆ, ಮಗು ಒತ್ತಿ ಒತ್ತಿ ಕ್ರೇಯಾನ್ ಮುರಿಯುತ್ತದೆ. ಪೆನ್ಸಿಲ್ ಗೀರು ಕಾಣುವುದೇ ಇಲ್ಲ. ಮಳೆಹನಿ ಬಿದ್ದು ಎರಡು ಪುಟ ಅಂಟಿಕೊಂಡು ಹಾಗೇ ಒಣಗಿದರೆ ಬಿಡಿಸುವಾಗ ಮೇಲಿನ ಹೊಳಪು ಪದರವೇ ಚಿತ್ರದ ಸಮೇತ ಕಿತ್ತು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕೈಯಲ್ಲಿ ಹಿಡಿದ ಪುಸ್ತಕ ಒದ್ದೆಯಾಗದೆ ಇರುವುದಿಲ್ಲ, ಈ ಊರಿಗೆ ಈ ಕಾಗದ ಹೊಂದುವುದಿಲ್ಲ.

ಬೇಕಿದ್ದದ್ದು 100 ಜಿಎಸ್‌ಎಂ ಮ್ಯಾಪ್‌ಲಿತೋ, ಅಂದರೆ ಹೊಳಪಿಲ್ಲದ ಸಾದಾ ಮುದ್ರಣ ಕಾಗದ. ಕ್ರೇಯಾನ್ ಹಿಡಿಯುತ್ತದೆ, ಪೆನ್ಸಿಲ್ ಹಿಡಿಯುತ್ತದೆ, ಒದ್ದೆಯಾದರೆ ಸುಕ್ಕಾಗುತ್ತದೆ ಅಷ್ಟೇ, ಅಂಟುವುದಿಲ್ಲ. 70-80ಕ್ಕೆ ಇಳಿದರೆ ಹಿಂದಿನ ಚಿತ್ರ ಮುಂದಕ್ಕೆ ಇಣುಕುತ್ತದೆ. ಸ್ಕೆಚ್ ಪೆನ್ ಮಾತ್ರ ಕೊಡಬಾರದು, ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ, ನೀರು ತಾಗಿದರೆ ಹರಡುತ್ತದೆ. ರಟ್ಟು 250 ಜಿಎಸ್‌ಎಂ, ಹೊರಗೆ ಮ್ಯಾಟ್ ಲ್ಯಾಮಿನೇಶನ್ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ). ಇಲ್ಲಿ ಹೊರಬದಿಗೆ ಮಾತ್ರ ಹಾಕಿದ್ದಾರೆ, ಹಾಗಾಗಿ ಮಳೆಗಾಲದ ತೇವ ಒಳಬದಿ ಹೀರಿ ಹಿಗ್ಗಿ, ರಟ್ಟು ಹೊರಕ್ಕೆ ಬಾಗಿ ಬಾಯಿ ತೆರೆದುಕೊಂಡಿರುತ್ತದೆ. ಎರಡೂ ಬದಿಗೆ ಹಾಕಿಸಬಹುದು. ಅಷ್ಟು ಖರ್ಚು ಬೇಡವೆಂದರೆ, ಕಾಗದದ ನಾರು ಬೆನ್ನಿನ ಉದ್ದಕ್ಕೇ ಬರುವಂತೆ ಕತ್ತರಿಸಿ ಎಂದು ಪ್ರೆಸ್ಸಿನವರಿಗೆ ಹೇಳಿದರೆ ಕಡೇಪಕ್ಷ ಮಡಿಕೆ ಬಿರುಕು ಬಿಡುವುದಿಲ್ಲ.

10ನೇ ಪುಟದ ತೊಗಟೆ ಉಜ್ಜುವ ಚಟುವಟಿಕೆಗಾಗಿಯೇ ಈ ಪುಸ್ತಿಕೆ ಕೊಳ್ಳಬೇಕು, ಅದೇ ಪುಟದಲ್ಲಿ ಪುಸ್ತಿಕೆ ಪೂರ್ತಿ ಸೋಲುವುದೂ ಹೌದು. ಕಾಗದವನ್ನು ಕಾಂಡಕ್ಕೆ ಒತ್ತಿ ಹಿಡಿದು ಕ್ರೇಯಾನ್ ಉಜ್ಜಿದರೆ ತೊಗಟೆಯ ಗೆರೆಗಳೆಲ್ಲ ಮೂಡುತ್ತವೆ. ಅದು ಮೂಡುವ ಆ ಕ್ಷಣದಲ್ಲಿ ಮಗುವಿನ ಮುಖ ನೋಡಬೇಕು. ಆದರೆ ಪಿನ್ ಹೊಡೆದ ಪುಸ್ತಿಕೆಯನ್ನು ಮರಕ್ಕೆ ಸುತ್ತಲಾಗುವುದಿಲ್ಲ. ಅಡಿಯಲ್ಲಿ ಉಳಿದ ಹಾಳೆಗಳು, ಅವುಗಳ ಕೆಳಗೆ ರಟ್ಟು, ಗೆರೆ ಮೇಲಕ್ಕೆ ಬರುವುದೇ ಇಲ್ಲ. ‘ಈ ಪುಟ ಹರಿದುಕೊಳ್ಳಿ’ ಎಂದು ಕೆಳಗೆ ಸೂಚನೆ ಇದೆ. ಹರಿದರೆ? 10ರ ಬೆನ್ನಿಗೆ ಇರುವುದು 9, ಅಂದರೆ ನಡುಪುಟದ ‘ಮರದಲ್ಲಿ ಯಾರ್ಯಾರಿದ್ದಾರೆ’ ಚಿತ್ರದ ಬಲ ಅರ್ಧ. ಅದೂ ಹೋಯಿತು. ಆ ಹಾಳೆಯ ಇನ್ನೊಂದು ತುದಿ 7-8ನೇ ಪುಟ, ಈಗ ಅದು ಪಿನ್ನಿನಲ್ಲಿ ಹಿಡಿತವಿಲ್ಲದೆ ಜೋತು ಬಿದ್ದು ಸಂಜೆಯೊಳಗೆ ಉದುರುತ್ತದೆ. 16 ಪುಟದ ಪುಸ್ತಿಕೆ ನಾಲ್ಕು ಎ4 ಹಾಳೆ ನಡುವೆ ಮಡಚಿದ್ದು, ಹಾಳೆಯ ಒಂದು ಅರ್ಧ ಕಿತ್ತರೆ ಅದರ ಇನ್ನೊಂದು ಅರ್ಧವೂ ಸಡಿಲ. ಮಾಡಿಸುವವರು ಇದನ್ನು ಗೋಡೆಗೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಪರಿಹಾರ ಕಷ್ಟದ್ದಲ್ಲ. ಉಜ್ಜುವ ಹಾಳೆಗಳನ್ನು ಪುಸ್ತಿಕೆಯಿಂದ ಬೇರೆ ಮಾಡಿ, 60-70 ಜಿಎಸ್‌ಎಂನ ಎರಡು ಖಾಲಿ ಎ5 ಹಾಳೆ ಹಿಂದಿನ ರಟ್ಟಿನ ಒಳಗೆ ಸಿಕ್ಕಿಸಬೇಕು. ಇದಕ್ಕೆ ಕಾಗದ ತೆಳುವಾದಷ್ಟೂ ಗೆರೆ ಸ್ಪಷ್ಟ. 10ನೇ ಪುಟದಲ್ಲಿ ಹೇಗೆ ಮಾಡುವುದೆಂಬ ಚಿತ್ರವಿದ್ದರೆ ಸಾಕು. ಪುಸ್ತಿಕೆ ಕೊಟ್ಟಿರುವ ಮೂರು ಕ್ರೇಯಾನ್ ಕೆಂಪು, ಹಳದಿ, ಹಸಿರು. ಹಳದಿಯಲ್ಲಿ ಉಜ್ಜಿದರೆ ಬಿಳಿ ಹಾಳೆಯಲ್ಲಿ ಏನೂ ಕಾಣುವುದಿಲ್ಲ. ಕಪ್ಪು ಅಥವಾ ಕಂದು, ಅದೂ ದಪ್ಪನೆಯದು ಬೇಕು. ಸುತ್ತಿದ ಕಾಗದ ಬಿಚ್ಚಿ, ಕ್ರೇಯಾನನ್ನು ಮಲಗಿಸಿ ಪಕ್ಕದಿಂದ ಉಜ್ಜಬೇಕು, ತುದಿಯಿಂದ ಉಜ್ಜಿದರೆ ಹಾಳೆ ಹರಿಯುತ್ತದೆ. ಒಬ್ಬರು ಎರಡೂ ಕೈಯಲ್ಲಿ ಹಾಳೆಯ ಅಂಚು ಹಿಡಿಯಬೇಕು, ಮಗು ಉಜ್ಜಬೇಕು. ಹಾಳೆ ಒಂದೇ ಒಂದು ಸಲ ಜಾರಿದರೂ ಗೆರೆ ಎರಡೆರಡಾಗುತ್ತದೆ.

ಯಾವ ಮರ ಎಂಬುದನ್ನು ಪುಸ್ತಿಕೆ ಹೇಳಿಲ್ಲ, ಹೇಳಬೇಕಿತ್ತು. ಮತ್ತಿ ಮರದ ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕ ಬಿರಿದಿರುತ್ತದೆ, ಅದರ ಅಚ್ಚು ಎಲ್ಲಕ್ಕಿಂತ ಚೆಂದ. ಮಾವೂ ಚೆನ್ನ. ಅಡಿಕೆ ಮರದಲ್ಲಿ ಸೋಗೆ ಬಿದ್ದ ಗುರುತು ಬಳೆ ಬಳೆಯಾಗಿ ಮೂಡುತ್ತದೆ, ದಿನಾ ನೋಡುವ ಮರದಲ್ಲಿ ಅದು ಇತ್ತೆಂಬುದೇ ಮಕ್ಕಳಿಗೆ ಹೊಸದು. ಪೇರಲೆ, ನೀಲಗಿರಿ ನುಣುಪು, ಏನೂ ಬರುವುದಿಲ್ಲ. ಮಳೆಮರದ ಬಿರುಕು ತೀರಾ ಆಳ, ಹಾಳೆ ತೂತಾಗುತ್ತದೆ. ಮರ ಮುಟ್ಟುವ ಮುಂಚೆ ದೊಡ್ಡವರು ಕಾಂಡವನ್ನು ಒಂದು ಸುತ್ತು ನೋಡಬೇಕು: ಮಾವಿನಲ್ಲಿ ಚಗಳಿ (ಕಚ್ಚುವ ಕೆಂಪಿರುವೆ) ಸಾಲು, ಮಳೆಗಾಲದಲ್ಲಿ ಕಂಬಳಿಹುಳ. ಮಳೆ ನಿಂತ ತಕ್ಷಣ ಒದ್ದೆ ತೊಗಟೆಗೆ ಹಾಳೆ ಒತ್ತಬೇಡಿ. ಆಗ ಉದುರಿದ ಎಲೆಯನ್ನು ನರ ಮೇಲಾಗುವಂತೆ ರಟ್ಟಿನ ಮೇಲಿಟ್ಟು ಅದರ ಮೇಲೆ ಹಾಳೆ ಹಾಕಿ ಉಜ್ಜಿಸಿ, ಅರಳಿ ಎಲೆಯಾದರೆ ಬಾಲದ ತುದಿವರೆಗೂ ಬರುತ್ತದೆ.

4ನೇ ಪುಟದ ಎಲೆ ಚಿತ್ರಗಳಲ್ಲಿ ಬೇವಿನ ಎಸಳೂ ಸಾಗುವಾನಿ ಎಲೆಯೂ ಒಂದೇ ಅಳತೆ. ಮಗು ಬೇವಿನ ಎಸಳನ್ನು ಚಿತ್ರದ ಮೇಲಿಟ್ಟರೆ ಸಾಗುವಾನಿಗೂ ಸರಿ ಹೋಗುತ್ತದೆ. ನಿಜವಾದ ಸಾಗುವಾನಿ ಎಲೆ ಮಗುವಿನ ಮುಖ ಮುಚ್ಚುವಷ್ಟಿರುತ್ತದೆ. ಪುಟದೊಳಗೆ ನಿಜ ಅಳತೆಯಲ್ಲಿ ಹಿಡಿಸುವ ಹೊಂಗೆ, ಅರಳಿ, ಬೇವು ಮಾತ್ರ ಹಾಕಿ, ಸಾಗುವಾನಿಗೆ ‘ಈ ಪುಸ್ತಕಕ್ಕಿಂತ ದೊಡ್ಡ ಎಲೆ ಸಿಕ್ಕಿತಾ?’ ಎಂದು ಕೇಳಿದ್ದರೆ ಇನ್ನೊಂದು ಹುಡುಕಾಟವೇ ಆಗುತ್ತಿತ್ತು.

11ನೇ ಪುಟದ ಅಂಚಿನ ಅಳತೆಪಟ್ಟಿ ಒಳ್ಳೆಯ ಯೋಚನೆ, ಆದರೆ ಅದರ 10 ಸೆಂ.ಮೀ. ಗುರುತು ಶಾಲೆಯ ಸ್ಕೇಲಿನಲ್ಲಿ 9.7ಕ್ಕೆ ಬರುತ್ತದೆ. ಪಿಡಿಎಫ್ ಅಚ್ಚಿಗೆ ಹಾಕುವಾಗ ‘ಫಿಟ್ ಟು ಪೇಜ್’ ಒತ್ತಿದರೆ ಆಗುವ ತಪ್ಪು ಇದು. ‘ಆಕ್ಚುಯಲ್ ಸೈಜ್’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಮಾದರಿ ಪ್ರತಿಗೆ ಸ್ಕೇಲ್ ಇಟ್ಟು ನೋಡಬೇಕು. ಸೊನ್ನೆಯನ್ನು ಅಂಚಿಗೇ ಇಟ್ಟಿದ್ದಾರೆ, ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಹೋಗೇ ಹೋಗುತ್ತದೆ. ಅರ್ಧ ಸೆಂಟಿಮೀಟರ್ ಒಳಗಿಂದ ಶುರು ಮಾಡಬೇಕು.

5ನೇ ಪುಟ ಬಣ್ಣದ್ದು. ನಾಲ್ಕು ಬಗೆಯ ಹಸಿರು ಮುದ್ರಿಸಿ ‘ಹೊಂದುವ ಎಲೆ ಹುಡುಕಿ’ ಅಂದಿದ್ದಾರೆ. ಮುದ್ರಣದ ಹಸಿರು ಯಾವತ್ತೂ ಚಿಗುರಿನ ಹಸಿರಿನಷ್ಟು ಹೊಳೆಯುವುದಿಲ್ಲ, ಆದ್ದರಿಂದ ಚಿಗುರೆಲೆ ಯಾವುದೂ ಹೊಂದುವುದಿಲ್ಲ. ಖಾಲಿ ಚೌಕ ಬಿಟ್ಟು ‘ಉದುರಿದ ಎಲೆ ಉಜ್ಜು, ಒದ್ದೆ ಕೆಮ್ಮಣ್ಣಿನಲ್ಲಿ ಬೆರಳದ್ದಿ ಒತ್ತು’ ಎಂದಿದ್ದರೆ ಮುದ್ರಣದ ಖರ್ಚೂ ಉಳಿಯುತ್ತಿತ್ತು. ಮ್ಯಾಪ್‌ಲಿತೋ ಮೇಲೆ ಕೆಮ್ಮಣ್ಣಿನ ಗುರುತು ಚೆನ್ನಾಗಿ ನಿಲ್ಲುತ್ತದೆ, ಆರ್ಟ್ ಪೇಪರಿನಲ್ಲಿ ಒಣಗಿ ಉದುರುತ್ತದೆ.

ಚಿತ್ರಗಳ ಬಗ್ಗೆ ಸಂತೋಷದ ಮಾತು: ಇಲ್ಲಿನ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ ಇದೆ. ಸಣ್ಣ ವಿಷಯವಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿದ ಚಿತ್ರ ಹಾಕಿದ ಎಷ್ಟೋ ಪುಸ್ತಿಕೆಗಳಲ್ಲಿ ಗೆರೆಯಿಲ್ಲದ ವಿಲಾಯತಿ ಅಳಿಲು, ಪೈನ್ ಕಾಯಿ, ಓಕ್ ಎಲೆ ಇರುತ್ತವೆ, ಶಿವಮೊಗ್ಗದ ಮಗು ಅವನ್ನು ಎಲ್ಲಿ ಹುಡುಕಬೇಕು? ಇಲ್ಲಿ ಕೈಯಲ್ಲೇ ಬರೆಸಿದ್ದಾರೆ, ದಪ್ಪ ಗೆರೆ, ಒಳಗೆ ಖಾಲಿ. ಕಪ್ಪು ತುಂಬಿದ ಚಿತ್ರವಾಗಿದ್ದರೆ ಲೇಸರ್ ಮುದ್ರಣದ ಟೋನರ್ ಮೇಲೆ ಕ್ರೇಯಾನ್ ಹಿಡಿಯುತ್ತಿರಲಿಲ್ಲ.

ಭಾಷೆ ಅರ್ಧ ಗೆದ್ದಿದೆ. ‘ಪುಟಾಣಿ ಅನ್ವೇಷಕರೇ, ನಿಮ್ಮ ಸುತ್ತಲಿನ ಪರಿಸರವನ್ನು ಗಮನಿಸಿರಿ’ ಎಂದು ಶುರುವಾಗುತ್ತದೆ. ನಾಲ್ಕು ವರ್ಷದ ಮಗುವಿಗೆ ಓದಲು ಬರುವುದಿಲ್ಲ, ಓದಿ ಹೇಳುವುದು ಅಮ್ಮ, ಅಜ್ಜ, ಇಲ್ಲವೇ ಟೀಚರ್. ಅವರ ಬಾಯಲ್ಲಿ ಬರುವಂಥ ಮಾತಿರಬೇಕು: ‘ಹುಡುಕೋಣ’, ‘ಮೂಸಿ ನೋಡೋಣ’, ‘ಎಷ್ಟಿವೆ?’ 6ನೇ ಪುಟದಿಂದ ಮಾತು ತಾನಾಗಿ ಸರಿಹೋಗಿದೆ. ಕಿವಿಯ ಆಟದ ಪುಟದಲ್ಲಿ ‘ಕಣ್ಣು ಮುಚ್ಚು. ಇಪ್ಪತ್ತು ಎಣಿಸು. ಏನು ಕೇಳ್ತು?’ ಅಷ್ಟೇ ಇದೆ, ನಡುವೆ ‘ನಾನು’ ಎಂಬ ಚುಕ್ಕಿ, ಸದ್ದು ಬಂದ ಕಡೆ ಗುರುತು. ಬೆಳಗ್ಗೆ ಒಂಬತ್ತರೊಳಗೆ ಮಾಡಿಸಿ, ಆಮೇಲೆ ಬಿ.ಎಚ್. ರಸ್ತೆಯಂಥ ಕಡೆಯ ಹಾರ್ನ್ ಮಾತ್ರ ಕೇಳೀತು. ಕುಟ್ರುಹಕ್ಕಿ ‘ಕುಟ್ರೂ ಕುಟ್ರೂ’ ಅನ್ನುತ್ತದೆ, ಹೆಸರೇ ಕೂಗು. ಪುಸ್ತಿಕೆ ಅದನ್ನು ‘ಬಿಳಿಗೆನ್ನೆಯ ಕುಟ್ರ’ ಎಂದು ಕರೆದು ಆ ಸುಖ ಕಳೆದಿದೆ. ಪ್ರತಿ ಚಿತ್ರದ ಕೆಳಗೆ ಒಂದು ಖಾಲಿ ಗೆರೆ, ‘ನಿಮ್ಮ ಮನೇಲಿ ಇದಕ್ಕೆ ಏನಂತಾರೆ?’ ಅಂತಿದ್ದರೆ ತೀರ್ಥಹಳ್ಳಿಯ ಅಜ್ಜಿಯ ಹೆಸರೂ ಭದ್ರಾವತಿಯ ಮಾವನ ಹೆಸರೂ ಪುಟದಲ್ಲಿ ಉಳಿಯುತ್ತಿದ್ದವು. ಏರೋಪ್ಲೇನ್ ಚಿಟ್ಟೆ, ಉಂಬಳ, ಚೋರಟೆ, ಇವೆಲ್ಲ ಹಾಗೆಯೇ ಉಳಿಯಬೇಕಾದ ಮಾತುಗಳು.

ಅಕ್ಷರದ ಗಾತ್ರ 14 ಪಾಯಿಂಟ್, ಒಂದನೇ ಕ್ಲಾಸಿನವರಿಗೆ ಚಿಕ್ಕದು. 20 ಇರಲಿ, ಸಾಲುಗಳ ನಡುವೆ ಒಂದೂವರೆ ಪಟ್ಟಿಗಿಂತ ಹೆಚ್ಚು ಜಾಗ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಶೀರ್ಷಿಕೆಯ ಅಲಂಕಾರದ ಫಾಂಟಿನಲ್ಲಿ ‘ಮ’ ಮತ್ತು ‘ವ’ ಒಂದೇ ಥರ ಕಾಣುತ್ತವೆ. ನಲಿಕಲಿಯಲ್ಲಿ ಈಗಷ್ಟೇ ‘ರ ಗ ಸ ದ ಅ’ ದಾಟಿ ‘ಮರ’ ಎಂದು ತಾನೇ ಓದಿದ ಮಗುವಿಗೆ ಅದು ‘ವರ’ ಆಗಬಾರದು. 15ನೇ ಪುಟದಲ್ಲಿ ‘ಚಿಟ್ಟೆ’ ಎಂಬುದು ‘ಚಿಟ್‌ಟೆ’ ಎಂದು ಅಚ್ಚಾಗಿದೆ. ಯೂನಿಕೋಡ್‌ನಲ್ಲಿ ಬೆರಳಚ್ಚಿಸಿದ್ದನ್ನು ಹಳೆಯ ಪುಟವಿನ್ಯಾಸದ ಸಾಫ್ಟ್‌ವೇರಿಗೆ ಹಾಕಿದಾಗ ಒತ್ತಕ್ಷರ ಹೀಗೆ ಒಡೆಯುತ್ತದೆ. ಇನ್‌ಡಿಸೈನ್ ಬಳಸುವವರು ‘ವರ್ಲ್ಡ್ ರೆಡಿ’ ಕಂಪೋಸರ್ ಆನ್ ಮಾಡಿಕೊಳ್ಳಬೇಕು. ಪ್ರೆಸ್ಸಿಗೆ ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಕೊಡಬೇಕು, ಕರಡನ್ನು ಬೆರಳಚ್ಚಿಸಿದವರಲ್ಲದ ಇನ್ನೊಬ್ಬರು ಗಟ್ಟಿಯಾಗಿ ಓದಬೇಕು.

ವರ್ಷವಿಡೀ ಒಂದೇ ಪುಸ್ತಿಕೆ ಮಾರುವುದು ಇನ್ನೊಂದು ತೊಡಕು. ಪಾಚಿ, ಅಣಬೆ ಮಳೆಗಾಲದಲ್ಲಿ ಬೇಕಾದಷ್ಟು, ಮಾರ್ಚ್‌ನಲ್ಲಿ ಆ ಮನೆಗಳು ಖಾಲಿ. ಆಗ ಮುತ್ತುಗದ ಹೂವು, ಸ್ವಲ್ಪ ತಡೆದರೆ ಬೂರುಗದ ಹತ್ತಿ ಸಿಗುತ್ತವೆ, ಅವು ಪುಸ್ತಿಕೆಯಲ್ಲಿಲ್ಲ. ಹುಡುಕಾಟದ ಪುಟಗಳನ್ನು ನಡುಹಾಳೆಗೆ ತಂದು, ಆ ಹಾಳೆಯೊಂದನ್ನು ಪಿನ್ ಹೊಡೆಯದೆ ಸುಮ್ಮನೆ ಒಳಗಿಟ್ಟರೆ ಮಳೆಗಾಲಕ್ಕೊಂದು, ಬೇಸಿಗೆಗೊಂದು ಬದಲಿಸಬಹುದು. ಉಳಿದ ಮೂರು ಹಾಳೆಯನ್ನು ಒಟ್ಟಿಗೇ ಹೆಚ್ಚು ಪ್ರತಿ ಆಫ್‌ಸೆಟ್‌ನಲ್ಲಿ ಹಾಕಿಸಿ, ನಡುಹಾಳೆಯನ್ನು ಬೇಕಾದಾಗ ದುರ್ಗಿಗುಡಿಯ ಯಾವುದಾದರೂ ಅಂಗಡಿಯಲ್ಲಿ ಡಿಜಿಟಲ್ ಪ್ರಿಂಟ್ ತೆಗೆಸಿದರೆ ಆಯಿತು. ಇಂಕ್‌ಜೆಟ್ ಬೇಡ, ಹನಿ ಬಿದ್ದರೆ ಹರಿಯುತ್ತದೆ.

ಬರೆಯುವಾಗ ಅಡಿಗೆ ಇಟ್ಟುಕೊಳ್ಳುವ ಗಟ್ಟಿ ಹಲಗೆ ಪುಸ್ತಿಕೆಯ ಜೊತೆ ಬರುವುದಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಉಳಿಯುವ ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ತುಂಡು, 3 ಮಿ.ಮೀ. ದಪ್ಪದ್ದು, 16×22 ಸೆಂ.ಮೀ.ಗೆ ಕತ್ತರಿಸಿ ಮೂಲೆ ದುಂಡು ಮಾಡಿ ಎರಡು ಕ್ಲಿಪ್ ಹಾಕಿ. ರಟ್ಟಿನ ಪೆಟ್ಟಿಗೆಯ ತುಂಡು ಮಳೆಗೆ ಉಬ್ಬುತ್ತದೆ, ಇದು ಉಬ್ಬುವುದಿಲ್ಲ. ಪೆನ್ಸಿಲನ್ನು ದಾರ ಕಟ್ಟಿ ಮಗುವಿನ ಕೊರಳಿಗೆ ಹಾಕಬೇಡಿ, ಕ್ಲಿಪ್ಪಿಗೆ ಕಟ್ಟಿ.

ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಐದು ವರ್ಷದವರಿಗೆ ಒಂದು ಭೇಟಿಗೆ ನಾಲ್ಕೈದು ಪುಟ ಸಾಕು, ಮೂರು ಸಲ ಹೋಗಿಬಂದರೆ 50 ರೂಪಾಯಿಗೆ ಮೋಸವಿಲ್ಲ. ಗಾಂಧಿ ಪಾರ್ಕಿನಂಥ ಪೇಟೆಯ ಉದ್ಯಾನಗಳಿಗೆಲ್ಲ ಇದೇ ಪುಸ್ತಿಕೆ ನಡೆಯುತ್ತದೆ. ತ್ಯಾವರೆಕೊಪ್ಪದ ಸಫಾರಿಗೆ ಒಯ್ಯಬೇಡಿ, ಓಡುವ ಬಸ್ಸಿನೊಳಗೆ ಮುಟ್ಟುವ ಆಟವೂ ಇಲ್ಲ, ಬರೆಯಲೂ ಆಗದು. ಮಂಡಗದ್ದೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿ ಗೂಡು ನೋಡಲು ಹೋಗುವವರು 6-7ನೇ ಪುಟದ ಕಿವಿಯಾಟ, 12ನೇ ಪುಟದ ಕೊಕ್ಕು-ಕಾಲಿನ ಚಿತ್ರ ಇಷ್ಟನ್ನೇ ಬಳಸಿ. ಅದು ಪಕ್ಷಿಧಾಮ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವ ಜಾಗ, ಎಲೆಯನ್ನೂ ಗರಿಯನ್ನೂ ಇದ್ದಲ್ಲೇ ಬಿಡಬೇಕು. ಹಕ್ಕಿಗಳು ಹೊಳೆಯ ನಡುವಿನ ಮರಗಳ ಮೇಲಿರುತ್ತವೆ, ಬರಿಗಣ್ಣಿಗೆ ಕೊಕ್ಕಿನ ಆಕಾರ ತಿಳಿಯುವುದಿಲ್ಲ, ಒಂದು ದುರ್ಬೀನು ಇದ್ದರೆ ಮೊದಲು ಮಗುವಿನ ಕೈಗೆ ಕೊಡಿ.